ಫಂಡ್ ಖರ್ಚು, ಸಲಹೆಗಾರರ ಶುಲ್ಕ: ಕೊಟ್ಟ ಹಣಕ್ಕೆ ತಕ್ಕ ಕೆಲಸ ಆಗುತ್ತಿದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಭಾರತದಲ್ಲಿ ಮ್ಯೂಚುವಲ್ ಫಂಡ್ ಮೂಲಕ ಹಣ ಹೂಡುವವರಿಗಾಗಿ ಬರೆದ ಉತ್ತರಗಳಿವು. ಉದಾಹರಣೆಗಳಲ್ಲಿ ಬರುವ ಗಳಿಕೆಯ ದರಗಳು ಲೆಕ್ಕಕ್ಕಾಗಿ ಇಟ್ಟುಕೊಂಡ ಊಹೆ ಮಾತ್ರ. ಅಷ್ಟು ಸಿಕ್ಕೇ ಸಿಗುತ್ತದೆ ಎಂದು ಯಾರೂ ಹೇಳಲಾರರು. ಖರ್ಚು ಮಾತ್ರ ಊಹೆಯಲ್ಲ, ಅದು ಪ್ರತಿವರ್ಷ ತಪ್ಪದೆ ಹೋಗುತ್ತದೆ.

ನಾನು ಫಂಡ್‌ಗೆ ಇದುವರೆಗೆ ಒಂದು ರೂಪಾಯಿ ಶುಲ್ಕವನ್ನೂ ಕಟ್ಟಿಲ್ಲ. ಆದರೂ ಖರ್ಚು ಇದೆ ಎನ್ನುತ್ತಾರಲ್ಲ, ಅದು ಎಲ್ಲಿಂದ ಹೋಗುತ್ತದೆ?

ನಿಮ್ಮ ಹೂಡಿಕೆಯಿಂದಲೇ ಹೋಗುತ್ತದೆ. ಫಂಡ್ ನಡೆಸುವ ಕಂಪನಿ ತನ್ನ ನಿರ್ವಹಣಾ ಶುಲ್ಕ, ಲೆಕ್ಕಪತ್ರದ ಖರ್ಚು, ವಿತರಕರ ಕಮಿಷನ್ ಎಲ್ಲವನ್ನೂ ಸ್ಕೀಮ್‌ನ ಹಣದಿಂದ ದಿನದಿನವೂ ಕಳೆದುಕೊಂಡು, ಉಳಿದದ್ದರ ಮೇಲೆ ಎನ್‌ಎವಿ, ಅಂದರೆ ಒಂದು ಯೂನಿಟ್‌ನ (ಫಂಡ್‌ನ ಒಂದು ಪಾಲಿನ) ಬೆಲೆ ಪ್ರಕಟಿಸುತ್ತದೆ. ಹಾಗಾಗಿ ಬ್ಯಾಂಕ್ ಖಾತೆಯಲ್ಲಾಗಲಿ ಸ್ಟೇಟ್‌ಮೆಂಟ್‌ನಲ್ಲಾಗಲಿ 'ಕಡಿತ' ಎಂಬ ಸಾಲು ಕಾಣುವುದಿಲ್ಲ. ಈ ಒಟ್ಟು ಖರ್ಚಿನ ಪ್ರಮಾಣವನ್ನು ಟಿಇಆರ್ ಅಥವಾ ಎಕ್ಸ್‌ಪೆನ್ಸ್ ರೇಶಿಯೊ ಎನ್ನುತ್ತಾರೆ.

ಉದಾಹರಣೆಗೆ 5 ಲಕ್ಷ ರೂಪಾಯಿ ಹೂಡಿಕೆ, ಟಿಇಆರ್ ಶೇ 1.8. ವರ್ಷಕ್ಕೆ 9,000 ರೂಪಾಯಿ, ಅಂದರೆ ದಿನಕ್ಕೆ ಸುಮಾರು 25 ರೂಪಾಯಿ. ಮಾರುಕಟ್ಟೆ ಏರಿದ ದಿನವೂ ಬಿದ್ದ ದಿನವೂ ಇದು ಹೋಗುತ್ತಲೇ ಇರುತ್ತದೆ. ವರ್ಷದ ಕೊನೆಗೆ 9,000 ರೂಪಾಯಿಯ ಚೆಕ್ ಬರೆದುಕೊಡಿ ಎಂದು ಕೇಳಿದ್ದರೆ ಪ್ರತಿಯೊಬ್ಬರೂ 'ಯಾತಕ್ಕೆ?' ಎಂದು ಕೇಳುತ್ತಿದ್ದರು. ಕಣ್ಣಿಗೆ ಬೀಳದ ಕಾರಣ ಯಾರೂ ಕೇಳುವುದಿಲ್ಲ.

ಬರೀ ಶೇ 1ರ ವ್ಯತ್ಯಾಸಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬೇಕೇ?

ಎಷ್ಟು ವರ್ಷ ಹೂಡುತ್ತೀರಿ ಎಂಬುದರ ಮೇಲೆ ಹೋಗುತ್ತದೆ. 10 ಲಕ್ಷ ರೂಪಾಯಿ 20 ವರ್ಷ ವಾರ್ಷಿಕ ಶೇ 11ರಂತೆ ಬೆಳೆದರೆ ಸುಮಾರು 80.6 ಲಕ್ಷ ಆಗುತ್ತದೆ. ಖರ್ಚು ಶೇ 1 ಹೆಚ್ಚಾಗಿ ಕೈಗೆ ಶೇ 10 ಮಾತ್ರ ಬಂದರೆ 67.3 ಲಕ್ಷ. ವ್ಯತ್ಯಾಸ 13 ಲಕ್ಷಕ್ಕೂ ಹೆಚ್ಚು, ಅಂದರೆ ನೀವು ಹಾಕಿದ ಅಸಲಿಗಿಂತಲೂ ಜಾಸ್ತಿ. ತಿಂಗಳಿಗೆ 10,000 ರೂಪಾಯಿಯ ಎಸ್‌ಐಪಿಯಲ್ಲೂ (ಕಂತಿನ ಹೂಡಿಕೆ) ಇದೇ ಕಥೆ: 20 ವರ್ಷಕ್ಕೆ ಶೇ 11ರಲ್ಲಿ ಸುಮಾರು 80.9 ಲಕ್ಷ, ಶೇ 10ರಲ್ಲಿ 71.8 ಲಕ್ಷ.

ಒಟ್ಟಿಗೆ ಹೂಡಿದ ಮೊತ್ತಕ್ಕೆ ಈ ಶೇ 1 ಎಂಬುದು 10 ವರ್ಷದಲ್ಲಿ ಕೊನೆಯ ಮೊತ್ತದ ಸುಮಾರು ಶೇ 9, 20 ವರ್ಷದಲ್ಲಿ ಶೇ 17, 30 ವರ್ಷದಲ್ಲಿ ಶೇ 24ರಷ್ಟನ್ನು ತಿನ್ನುತ್ತದೆ. ನಿವೃತ್ತಿಗೆಂದು ಉಳಿಸುವವರು 30ರ ಲೆಕ್ಕ ನೋಡಬೇಕು. ಎರಡು ವರ್ಷದಲ್ಲಿ ಬೇಕಾಗುವ ಹಣವಾದರೆ ಇದಕ್ಕಾಗಿ ನಿದ್ದೆಗೆಡಬೇಕಿಲ್ಲ.

ಇನ್ನೊಂದು ಕೋನವೂ ಇದೆ. ಗಳಿಕೆ ಶೇ 11, ಬೆಲೆಯೇರಿಕೆ ಶೇ 6 ಎಂದುಕೊಂಡರೆ ನಿಮ್ಮ ನಿಜವಾದ ಬೆಳವಣಿಗೆ ಶೇ 5 ಮಾತ್ರ. ಅದರಲ್ಲಿ ಶೇ 1.5 ಖರ್ಚಿಗೆ ಹೋದರೆ ನಿಜ ಲಾಭದ ಶೇ 30 ಹೋದಂತೆ. ಖರ್ಚನ್ನು ಅಸಲಿನ ಜೊತೆ ಹೋಲಿಸಿದರೆ ಸಣ್ಣದಾಗಿ ಕಾಣುತ್ತದೆ. ಅದನ್ನು ಹೋಲಿಸಬೇಕಾದದ್ದು ಲಾಭದ ಜೊತೆ.

ಡೈರೆಕ್ಟ್ ಪ್ಲಾನ್‌ಗೂ ರೆಗ್ಯುಲರ್ ಪ್ಲಾನ್‌ಗೂ ನಿಜವಾಗಿ ಏನು ವ್ಯತ್ಯಾಸ?

ಫಂಡ್ ಅದೇ, ಮ್ಯಾನೇಜರ್ ಅವರೇ, ಕೊಳ್ಳುವ ಷೇರುಗಳೂ ಅವೇ. ರೆಗ್ಯುಲರ್‌ನಲ್ಲಿ ವಿತರಕರ ಕಮಿಷನ್ ಸೇರಿರುತ್ತದೆ, ಡೈರೆಕ್ಟ್‌ನಲ್ಲಿ ಇರುವುದಿಲ್ಲ. 2009ರ ಆಗಸ್ಟ್‌ವರೆಗೆ ಎಂಟ್ರಿ ಲೋಡ್ ಎಂಬ ಹೆಸರಲ್ಲಿ ಹೂಡಿದ ದಿನವೇ ಹಣದ ಒಂದು ಪಾಲು ಕಮಿಷನ್‌ಗೆ ಹೋಗುತ್ತಿತ್ತು, ಮಾರುಕಟ್ಟೆ ನಿಯಂತ್ರಕ ಸೆಬಿ ಅದನ್ನು ನಿಲ್ಲಿಸಿತು. 2013ರ ಜನವರಿಯಿಂದ ಪ್ರತಿ ಫಂಡ್‌ನಲ್ಲೂ ಡೈರೆಕ್ಟ್ ಪ್ಲಾನ್ ಕಡ್ಡಾಯವಾಯಿತು. 2018ರಲ್ಲಿ ಮುಂಗಡ ಕಮಿಷನ್‌ಗೂ ತಡೆ ಬಿತ್ತು. ಈಗ ವಿತರಕರಿಗೆ ಸಿಗುವುದು ಟ್ರೇಲ್ ಕಮಿಷನ್: ನಿಮ್ಮ ಹಣ ಫಂಡ್‌ನಲ್ಲಿ ಇರುವಷ್ಟು ಕಾಲ, ಇರುವಷ್ಟು ಮೊತ್ತದ ಮೇಲೆ.

ಷೇರು ಫಂಡ್‌ಗಳಲ್ಲಿ ಎರಡು ಪ್ಲಾನ್‌ಗಳ ನಡುವಿನ ಅಂತರ ಸಾಮಾನ್ಯವಾಗಿ ಶೇ 0.5ರಿಂದ 1.2ರವರೆಗೆ ಇರುತ್ತದೆ.

ಡೈರೆಕ್ಟ್ ಪ್ಲಾನ್‌ನ ಎನ್‌ಎವಿ ಜಾಸ್ತಿ ಇದೆ. ದುಬಾರಿಯಾಗುವುದಿಲ್ಲವೇ?

ಇಲ್ಲ. ಖರ್ಚು ಕಡಿಮೆ ಕಳೆದಿದ್ದರಿಂದಲೇ ಅದು ಹೆಚ್ಚು ಬೆಳೆದಿದೆ. ಯೂನಿಟ್ ಎಷ್ಟು ಸಿಗುತ್ತದೆ ಎಂಬುದರಿಂದ ಏನೂ ಆಗುವುದಿಲ್ಲ, ಯೂನಿಟ್ ಎಷ್ಟು ವೇಗದಲ್ಲಿ ಬೆಳೆಯುತ್ತದೆ ಎಂಬುದೇ ಲೆಕ್ಕ. ಹಳೆಯ ಫಂಡ್ ಒಂದರ ಎರಡೂ ಎನ್‌ಎವಿ ಪಕ್ಕಪಕ್ಕ ಇಟ್ಟು ನೋಡಿ. 2013ರ ಜನವರಿಯಲ್ಲಿ ಎರಡೂ ಒಂದೇ ಮಟ್ಟದಲ್ಲಿದ್ದವು. ಇಂದಿನ ಅಂತರ ಎಷ್ಟೋ, ಅಷ್ಟೇ ಕಮಿಷನ್ನಿನ ಚಕ್ರಬಡ್ಡಿ.

ನನ್ನ ಹೂಡಿಕೆಯಿಂದ ಎಷ್ಟು ಕಮಿಷನ್ ಹೋಗಿದೆ ಎಂದು ರೂಪಾಯಿಯಲ್ಲೇ ತಿಳಿಯಬಹುದೇ?

ಬಹುದು. ದಾಖಲೆ ನಿಮ್ಮ ಇ-ಮೇಲ್‌ಗೇ ಬರುತ್ತದೆ, ತೆರೆಯುವವರು ಕಡಿಮೆ. ಎಲ್ಲ ಫಂಡ್‌ಗಳನ್ನೂ ಸೇರಿಸಿ ಬರುವ ಒಟ್ಟುಗೂಡಿಸಿದ ಸ್ಟೇಟ್‌ಮೆಂಟ್ ಅನ್ನು ಸಿಎಎಸ್ ಎನ್ನುತ್ತಾರೆ. ಮಾರ್ಚ್ ಮತ್ತು ಸೆಪ್ಟೆಂಬರ್‌ಗೆ ಮುಗಿಯುವ ಅರ್ಧವರ್ಷದ ಸಿಎಎಸ್‌ನಲ್ಲಿ ಪ್ರತಿ ಸ್ಕೀಮ್‌ಗೆ ವಿತರಕರಿಗೆ ಪಾವತಿಸಿದ ಕಮಿಷನ್ ಅನ್ನು ರೂಪಾಯಿಯಲ್ಲೇ ತೋರಿಸಬೇಕು, ಜೊತೆಗೆ ನೀವು ಹೂಡಿದ ಪ್ಲಾನ್‌ನ ಸರಾಸರಿ ಖರ್ಚನ್ನೂ ಕೊಡಬೇಕು ಎಂದು ಸೆಬಿ 2016ರಲ್ಲಿ ಆದೇಶಿಸಿದೆ. ಹಳೆಯ ಮೇಲ್ ಸಿಗದಿದ್ದರೆ ಫಂಡ್‌ಗಳ ದಾಖಲೆ ಇಡುವ ಕ್ಯಾಮ್ಸ್, ಕೆಫಿನ್‌ಟೆಕ್ ಅಥವಾ ಎಂಎಫ್ ಸೆಂಟ್ರಲ್ ಜಾಲತಾಣದಲ್ಲಿ ಪ್ಯಾನ್ ಮತ್ತು ನೋಂದಾಯಿತ ಇ-ಮೇಲ್ ಕೊಟ್ಟು ನಿಮ್ಮ ಹೂಡಿಕೆಗಳ ಪಟ್ಟಿ ತರಿಸಿಕೊಳ್ಳಿ. ಪ್ರತಿ ಫಂಡ್‌ನ ಹೆಸರಿನ ಕೊನೆಯಲ್ಲಿ ರೆಗ್ಯುಲರ್ ಎಂದಿದೆಯೋ ಡೈರೆಕ್ಟ್ ಎಂದಿದೆಯೋ ನೋಡಿ. ರೆಗ್ಯುಲರ್ ಇದ್ದರೆ ಎಆರ್‌ಎನ್ ಎಂದು ಶುರುವಾಗುವ ವಿತರಕರ ಸಂಖ್ಯೆಯೂ ಅಲ್ಲೇ ಇರುತ್ತದೆ.

ಅಷ್ಟು ಹುಡುಕಲು ಸಮಯವಿಲ್ಲದಿದ್ದರೆ ಅಂದಾಜು ಹೀಗೆ: ಫಂಡ್ ಕಂಪನಿಯ ಜಾಲತಾಣದಲ್ಲಿ ಟಿಇಆರ್ ಪುಟ ಇರುತ್ತದೆ, ಅದನ್ನು ದಿನವೂ ಪರಿಷ್ಕರಿಸಬೇಕೆಂಬ ನಿಯಮವಿದೆ. ರೆಗ್ಯುಲರ್ ಟಿಇಆರ್‌ನಿಂದ ಡೈರೆಕ್ಟ್ ಟಿಇಆರ್ ಕಳೆಯಿರಿ, ಬಂದದ್ದನ್ನು ಇಂದಿನ ಮೌಲ್ಯಕ್ಕೆ ಗುಣಿಸಿ. 14 ಲಕ್ಷ ಮೌಲ್ಯ, ಅಂತರ ಶೇ 0.9 ಆದರೆ ವರ್ಷಕ್ಕೆ 12,600 ರೂಪಾಯಿ. ಮುಂದಿನ ಬಹುತೇಕ ತೀರ್ಮಾನಗಳಿಗೆ ಈ ಒಂದು ಸಂಖ್ಯೆ ಸಾಕು, ಬರೆದಿಟ್ಟುಕೊಳ್ಳಿ.

ಟಿಇಆರ್ ಬಿಟ್ಟು ಬೇರೆ ಖರ್ಚುಗಳಿವೆಯೇ?

ಇವೆ, ಹೆಚ್ಚಿನವು ಸಣ್ಣವು. ಕೊಳ್ಳುವಾಗ ಶೇ 0.005 ಮುದ್ರಾಂಕ ಶುಲ್ಕ, ಷೇರು ಫಂಡ್ ಮಾರುವಾಗ ಶೇ 0.001 ಎಸ್‌ಟಿಟಿ ಎಂಬ ವಹಿವಾಟು ತೆರಿಗೆ. ಎಕ್ಸಿಟ್ ಲೋಡ್ ಮಾತ್ರ ಗಮನಿಸಬೇಕಾದದ್ದು: ಅನೇಕ ಷೇರು ಫಂಡ್‌ಗಳಲ್ಲಿ ಒಂದು ವರ್ಷದೊಳಗೆ ತೆಗೆದರೆ ಶೇ 1 ಕಡಿತವಾಗುತ್ತದೆ. ಎಸ್‌ಐಪಿಯಲ್ಲಿ ಪ್ರತಿ ಕಂತಿಗೂ ಬೇರೆ ಬೇರೆ ಒಂದು ವರ್ಷ. ಮೊದಲ ಕಂತಿಗೆ ವರ್ಷವಾಯಿತೆಂದು ಎಲ್ಲವನ್ನೂ ತೆಗೆದರೆ ಕೊನೆಯ ಹನ್ನೊಂದು ಕಂತಿಗೆ ಕಡಿತ ಬೀಳುತ್ತದೆ.

ಫಂಡ್ ಒಳಗೆ ಷೇರು ಕೊಂಡು ಮಾರುವಾಗಿನ ದಲ್ಲಾಳಿ ಖರ್ಚು ಇನ್ನೊಂದು. ಪೋರ್ಟ್‌ಫೋಲಿಯೊ ಟರ್ನೋವರ್ ಎಂಬ ಸಂಖ್ಯೆ ಫಂಡ್‌ನ ಮಾಸಿಕ ಫ್ಯಾಕ್ಟ್‌ಶೀಟ್‌ನಲ್ಲಿರುತ್ತದೆ. ಅದು ಜಾಸ್ತಿ ಇದ್ದಷ್ಟೂ ಈ ಖರ್ಚು ಜಾಸ್ತಿ.

ಹೋಲಿಸುವಾಗ ಒಂದು ಎಚ್ಚರಿಕೆ. 2025ರ ಡಿಸೆಂಬರ್‌ನಲ್ಲಿ ಸೆಬಿ ಮಂಡಳಿ ಖರ್ಚಿನ ಲೆಕ್ಕದ ವಿಧಾನವನ್ನೇ ಬದಲಿಸಲು ಒಪ್ಪಿತು: ಮೂಲ ಖರ್ಚಿಗೆ ಪ್ರತ್ಯೇಕ ಮಿತಿ, ಜಿಎಸ್‌ಟಿ ಮತ್ತು ಎಸ್‌ಟಿಟಿಯಂಥ ಸರಕಾರಿ ತೆರಿಗೆಗಳು ಅದರ ಹೊರಗೆ. ಹಾಗಾಗಿ ಹಳೆಯ ಫ್ಯಾಕ್ಟ್‌ಶೀಟ್‌ನ ಟಿಇಆರ್ ಪಕ್ಕದಲ್ಲಿ ಹೊಸ ಮೂಲ ಖರ್ಚನ್ನು ಇಟ್ಟು 'ಕಡಿಮೆಯಾಗಿದೆ' ಎಂದುಕೊಳ್ಳಬೇಡಿ. ತೆರಿಗೆ ಸೇರಿದ ಒಟ್ಟನ್ನು ಒಟ್ಟಿನ ಜೊತೆಗೇ ಹೋಲಿಸಿ.

ಹೆಚ್ಚು ಶುಲ್ಕ ತೆಗೆದುಕೊಳ್ಳುವ ಫಂಡ್ ಹೆಚ್ಚು ಗಳಿಸಿಕೊಡುವುದಿಲ್ಲವೇ? ಒಳ್ಳೆಯ ಮ್ಯಾನೇಜರ್‌ಗೆ ಬೆಲೆ ಇರಬೇಕಲ್ಲ.

ಬೇರೆ ಸರಕುಗಳಲ್ಲಿ ಬೆಲೆಗೂ ಗುಣಕ್ಕೂ ನಂಟಿರಬಹುದು, ಫಂಡ್‌ಗಳಲ್ಲಿ ಆ ನಂಟು ತೀರಾ ಸಡಿಲ. ಕಾರಣ ಸರಳವಾದ ಗಣಿತ. ಮಾರುಕಟ್ಟೆಯ ಎಲ್ಲ ಹೂಡಿಕೆದಾರರ ಒಟ್ಟು ಗಳಿಕೆಯೇ ಮಾರುಕಟ್ಟೆಯ ಗಳಿಕೆ. ಒಬ್ಬರು ಸರಾಸರಿಗಿಂತ ಹೆಚ್ಚು ಗಳಿಸಿದರೆ ಇನ್ಯಾರೋ ಅಷ್ಟೇ ಕಡಿಮೆ ಗಳಿಸಿರಬೇಕು. ಅದರ ಮೇಲೆ ಎಲ್ಲರೂ ಖರ್ಚು ಕಳೆದುಕೊಳ್ಳುತ್ತಾರೆ. ಹಾಗಾಗಿ ಖರ್ಚು ಕಳೆದ ನಂತರ ಷೇರು ಆರಿಸಿ ಕೊಂಡು ಮಾರುವ ಸಕ್ರಿಯ ಹೂಡಿಕೆದಾರರ ಸರಾಸರಿ, ಮಾರುಕಟ್ಟೆಗಿಂತ ಕೆಳಗೆ ಇರಲೇಬೇಕು.

ಸರಾಸರಿ ಕೆಳಗಿದ್ದರೂ ಕೆಲವರು ಗೆಲ್ಲುತ್ತಾರೆ, ನಿಜ. ಆದರೆ ಮುಂದಿನ ಹತ್ತು ವರ್ಷ ಗೆಲ್ಲುವವರು ಯಾರು ಎಂದು ಇಂದೇ ಆರಿಸುವುದು ಕಷ್ಟ. ದೊಡ್ಡ ಕಂಪನಿಗಳ ಫಂಡ್‌ಗಳಲ್ಲಿ ಇನ್ನೂ ಕಷ್ಟ: 2017ರ ಸೆಬಿ ವಿಂಗಡಣೆಯಂತೆ ಲಾರ್ಜ್ ಕ್ಯಾಪ್ ಫಂಡ್ ತನ್ನ ಹಣದ ಕನಿಷ್ಠ ಶೇ 80ನ್ನು ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 100 ಕಂಪನಿಗಳಲ್ಲೇ ಇಡಬೇಕು. ನಿಫ್ಟಿಯಂಥ ಸೂಚ್ಯಂಕದಲ್ಲಿರುವುದೂ ಹೆಚ್ಚುಕಡಿಮೆ ಅವೇ ಕಂಪನಿಗಳು. ಅದೇ ಷೇರುಗಳನ್ನಿಟ್ಟುಕೊಂಡು ಶೇ 1.6 ಖರ್ಚಿನ ಫಂಡ್, ಸೂಚ್ಯಂಕವನ್ನೇ ಅನುಸರಿಸುವ ಶೇ 0.2 ಖರ್ಚಿನ ಇಂಡೆಕ್ಸ್ ಫಂಡನ್ನು ವರ್ಷವರ್ಷವೂ ಹಿಂದೆ ಹಾಕಬೇಕಾದರೆ ಮೊದಲು ಶೇ 1.4ರ ಕಂದಕ ದಾಟಬೇಕು. ಈ ವರ್ಗದಲ್ಲಿ ಹೆಚ್ಚು ಶುಲ್ಕ ಕೊಡಲು ನಮಗೆ ಕಾರಣ ಕಾಣುವುದಿಲ್ಲ. ಮಧ್ಯಮ ಮತ್ತು ಸಣ್ಣ ಕಂಪನಿಗಳ ಮಿಡ್ ಮತ್ತು ಸ್ಮಾಲ್ ಕ್ಯಾಪ್ ಫಂಡ್‌ಗಳಲ್ಲಿ ಮ್ಯಾನೇಜರ್‌ಗೆ ಆಯ್ಕೆಯ ಜಾಗ ಹೆಚ್ಚು, ಅಲ್ಲಿ ವಾದಕ್ಕೆ ಅವಕಾಶವಿದೆ. ಅಲ್ಲೂ ಡೈರೆಕ್ಟ್ ಪ್ಲಾನ್‌ನ ಖರ್ಚನ್ನೇ ನೋಡಿ.

ಫಂಡ್ ತನ್ನ ಸೂಚ್ಯಂಕವನ್ನು ಮೀರಿಸಿದೆಯೇ ಎಂದು ಪರೀಕ್ಷಿಸುವಾಗ ಲಾಭಾಂಶವೂ ಸೇರಿದ ಸೂಚ್ಯಂಕ, ಅಂದರೆ ಟಿಆರ್‌ಐ ಜೊತೆ ಹೋಲಿಸಬೇಕು. 2018ರ ಫೆಬ್ರವರಿಯಿಂದ ಇದು ಕಡ್ಡಾಯ. ಅದಕ್ಕೂ ಮುಂಚಿನ ಜಾಹೀರಾತುಗಳಲ್ಲಿ ಲಾಭಾಂಶವಿಲ್ಲದ ಸೂಚ್ಯಂಕದ ಜೊತೆ ಹೋಲಿಸುತ್ತಿದ್ದರು. ಫಂಡ್‌ಗೆ ಷೇರುಗಳ ಲಾಭಾಂಶ ಬರುತ್ತಿತ್ತು, ಎದುರಾಳಿಯ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಇಂಡೆಕ್ಸ್ ಫಂಡ್ ಆರಿಸುವಾಗ ಎಲ್ಲಕ್ಕಿಂತ ಕಡಿಮೆ ಟಿಇಆರ್ ಇರುವುದನ್ನು ಕೊಂಡರೆ ಸಾಕೇ?

ಸಾಲದು. ಟ್ರ್ಯಾಕಿಂಗ್ ಡಿಫರೆನ್ಸ್ ನೋಡಿ. ಸೂಚ್ಯಂಕಕ್ಕೆ ಹೋಲಿಸಿದರೆ ಫಂಡ್ ವರ್ಷಕ್ಕೆ ಎಷ್ಟು ಹಿಂದೆ ಬಿದ್ದಿದೆ ಎಂಬ ಸಂಖ್ಯೆ ಅದು. ಟಿಇಆರ್ ಶೇ 0.15 ಇದ್ದರೂ, ನಗದನ್ನು ಸುಮ್ಮನೆ ಇಟ್ಟುಕೊಂಡದ್ದರಿಂದ ಅಥವಾ ಸೂಚ್ಯಂಕ ಬದಲಾದಾಗ ತಡವಾಗಿ ಕೊಂಡದ್ದರಿಂದ ಫಂಡ್ ಶೇ 0.45ರಷ್ಟು ಹಿಂದೆ ಬೀಳಬಹುದು. ಷೇರಿನಂತೆ ವಿನಿಮಯ ಕೇಂದ್ರದಲ್ಲಿ ಕೊಂಡು ಮಾರುವ ಫಂಡ್ ಆದ ಇಟಿಎಫ್‌ನಲ್ಲಿ ಇನ್ನೂ ಎರಡು ಖರ್ಚು ಸೇರುತ್ತವೆ: ಬ್ರೋಕರ್ ಮತ್ತು ಡಿಮ್ಯಾಟ್ ಶುಲ್ಕ, ಮತ್ತು ಕೊಳ್ಳುವ ಬೆಲೆ ಹಾಗೂ ಮಾರುವ ಬೆಲೆಯ ನಡುವಿನ ಅಂತರ. ವಹಿವಾಟು ಕಡಿಮೆ ಇರುವ ಇಟಿಎಫ್‌ನಲ್ಲಿ ಈ ಅಂತರವೇ ಹಲವು ವರ್ಷಗಳ ಟಿಇಆರ್ ಉಳಿತಾಯವನ್ನು ಒಂದೇ ದಿನ ನುಂಗುತ್ತದೆ.

ಸಾಲಪತ್ರ (ಡೆಟ್) ಫಂಡ್‌ಗಳಲ್ಲೂ ಇದೇ ಲೆಕ್ಕವೇ?

ಅಲ್ಲಿ ಲೆಕ್ಕ ಇನ್ನೂ ಬಿಗಿ. ಬಾಂಡ್‌ಗಳಿಂದ ಬರುವುದು ಶೇ 7.2 ಎಂದುಕೊಳ್ಳಿ. ರೆಗ್ಯುಲರ್ ಪ್ಲಾನ್ ಶೇ 1.1 ಕಳೆದರೆ 6.1 ಉಳಿಯುತ್ತದೆ, ಡೈರೆಕ್ಟ್ ಶೇ 0.4 ಕಳೆದರೆ 6.8. 2023ರ ಏಪ್ರಿಲ್ 1ರ ನಂತರ ಹೂಡಿದ ಸಾಲಪತ್ರ ಫಂಡ್‌ಗಳ ಲಾಭಕ್ಕೆ ನಿಮ್ಮ ಆದಾಯದ ಸ್ಲ್ಯಾಬ್‌ನಂತೆಯೇ ತೆರಿಗೆ. ಹಾಗಾಗಿ ದುಬಾರಿ ಸಾಲಪತ್ರ ಫಂಡ್ ಒಂದು ಒಳ್ಳೆಯ ಬ್ಯಾಂಕ್ ಎಫ್‌ಡಿಗಿಂತ ಹಿಂದೆ ಬೀಳುವುದು ಸುಲಭ. ಇನ್ನೂ ಕೆಟ್ಟದ್ದೆಂದರೆ, ಖರ್ಚನ್ನು ಸರಿದೂಗಿಸಲು ಕೆಲವು ಫಂಡ್‌ಗಳು ಗುಣಮಟ್ಟ ಕಡಿಮೆಯ, ಬಡ್ಡಿ ಹೆಚ್ಚಿನ ಸಾಲಪತ್ರಗಳನ್ನು ಕೊಳ್ಳುತ್ತವೆ. ಖರ್ಚು ಹೆಚ್ಚಿದ್ದೂ ಗಳಿಕೆ ಹೆಚ್ಚು ಕಂಡರೆ, ಆ ಫಂಡ್‌ನ ಸಾಲಪತ್ರಗಳ ರೇಟಿಂಗ್ ಪಟ್ಟಿಯನ್ನು ಮೊದಲು ತೆರೆಯಿರಿ.

ಸಲಹೆಗಾರರು ಮತ್ತು ವಿತರಕರು ಒಂದೇ ಅಲ್ಲವೇ?

ಅಲ್ಲ. ಈ ವಿಷಯದಲ್ಲಿ ಆಗುವ ಗೊಂದಲವೇ ಜನರಿಗೆ ಅತಿ ಹೆಚ್ಚು ನಷ್ಟ ತರುತ್ತದೆ.

ವಿತರಕರು ಫಂಡ್ ಕಂಪನಿಯಿಂದ ಕಮಿಷನ್ ಪಡೆದು ರೆಗ್ಯುಲರ್ ಪ್ಲಾನ್ ಮಾರುವವರು. ಅವರಿಗೆ ಎಆರ್‌ಎನ್ ಇರುತ್ತದೆ. ಸೆಬಿಯಲ್ಲಿ ನೋಂದಾಯಿತ ಹೂಡಿಕೆ ಸಲಹೆಗಾರರು ನಿಮ್ಮಿಂದ ಮಾತ್ರ ಶುಲ್ಕ ಪಡೆಯುತ್ತಾರೆ, ಅದೇ ಗ್ರಾಹಕರ ಹೂಡಿಕೆಯ ಮೇಲೆ ಕಮಿಷನ್ ಪಡೆಯುವಂತಿಲ್ಲ. ಅವರ ನೋಂದಣಿ ಸಂಖ್ಯೆ ಐಎನ್‌ಎ ಎಂದು ಶುರುವಾಗುತ್ತದೆ. ಷೇರು ಶಿಫಾರಸು ಮಾಡುವ ಸಂಶೋಧನಾ ವಿಶ್ಲೇಷಕರದ್ದು ಐಎನ್‌ಎಚ್. ಅವರು ಹೇಳುವುದು ಎಲ್ಲ ಚಂದಾದಾರರಿಗೂ ಒಂದೇ, ನಿಮ್ಮ ಮನೆಯ ಲೆಕ್ಕ ನೋಡಿ ಹೇಳಿದ್ದಲ್ಲ. ನೋಂದಣಿಯಿಲ್ಲದ ವಿತರಕರು ತಮ್ಮನ್ನು 'ಸ್ವತಂತ್ರ ಹಣಕಾಸು ಸಲಹೆಗಾರ' ಎಂದು ಕರೆದುಕೊಳ್ಳುವಂತಿಲ್ಲ ಎಂದು 2020ರ ತಿದ್ದುಪಡಿ ಹೇಳುತ್ತದೆ. ವಿಸಿಟಿಂಗ್ ಕಾರ್ಡ್‌ನಲ್ಲಿ ಏನೇ ಬರೆದಿರಲಿ, ಸೆಬಿಯ ಜಾಲತಾಣದ ನೋಂದಾಯಿತ ಮಧ್ಯವರ್ತಿಗಳ ಪಟ್ಟಿಯಲ್ಲಿ ಹೆಸರನ್ನು ನೀವೇ ಹುಡುಕಿ. ಹೆಸರು, ಸಂಖ್ಯೆ, ವಿಳಾಸ ಮೂರೂ ಹೊಂದಬೇಕು. ಬೇರೆಯವರ ಸಂಖ್ಯೆಯನ್ನು ತಮ್ಮದೆಂದು ಹೇಳಿಕೊಳ್ಳುವ ಮೋಸ ನಡೆಯುತ್ತದೆ.

ವಿತರಕರೆಲ್ಲ ಕೆಟ್ಟವರು ಎಂದು ಇದರ ಅರ್ಥವಲ್ಲ. ಅವರ ಆದಾಯ ನಿಮ್ಮ ಹಣ ಫಂಡ್‌ನಲ್ಲಿ ಇರುವುದರ ಮೇಲೆ ನಿಂತಿದೆ. ಗೃಹಸಾಲ ಬೇಗ ತೀರಿಸಿ, ಪಿಪಿಎಫ್‌ಗೆ ಹಾಕಿ, ಇಂಡೆಕ್ಸ್ ಫಂಡ್ ಸಾಕು ಎಂದು ಹೇಳಿದರೆ ಅವರ ಆದಾಯ ಕಡಿಮೆಯಾಗುತ್ತದೆ. ಹಾಗೆ ಹೇಳುವ ವಿತರಕರು ನಿಮಗೆ ಸಿಕ್ಕಿದ್ದರೆ ಬಿಡಬೇಡಿ.

ಸಲಹೆಗಾರರು ಎಷ್ಟು ಶುಲ್ಕ ಕೇಳಬಹುದು? ಯಾವ ಮೊತ್ತದ ಮೇಲೆ ಅದು ಲಾಭಕರ?

ಸೆಬಿ ಎರಡು ವಿಧಾನಕ್ಕೆ ಅವಕಾಶ ಕೊಟ್ಟಿದೆ. ನಿಗದಿತ ಶುಲ್ಕವಾದರೆ ಒಂದು ಕುಟುಂಬಕ್ಕೆ ವರ್ಷಕ್ಕೆ ಗರಿಷ್ಠ 1,51,000 ರೂಪಾಯಿ, ಹೂಡಿಕೆಯ ಶೇಕಡಾವಾರು ಆದರೆ ಗರಿಷ್ಠ ಶೇ 2.5. ಇವು ಮೇಲ್ಮಿತಿಗಳು, ನ್ಯಾಯವಾದ ದರ ಎಂದಲ್ಲ. ಶುಲ್ಕದ ಮೇಲೆ ಶೇ 18 ಜಿಎಸ್‌ಟಿ ಸೇರಬಹುದು. ಮುಂಗಡವಾಗಿ ಒಂದು ವರ್ಷಕ್ಕಿಂತ ಹೆಚ್ಚಿನದನ್ನು ಕೇಳುವಂತಿಲ್ಲ.

ಸಮತೋಲದ ಬಿಂದು ಹೀಗೆ ಕಂಡುಕೊಳ್ಳಿ: ಜಿಎಸ್‌ಟಿ ಸೇರಿದ ವಾರ್ಷಿಕ ಶುಲ್ಕವನ್ನು ರೆಗ್ಯುಲರ್ ಮತ್ತು ಡೈರೆಕ್ಟ್ ನಡುವಿನ ಅಂತರದಿಂದ ಭಾಗಿಸಿ. ಶುಲ್ಕ 25,000, ಜಿಎಸ್‌ಟಿ ಸೇರಿ 29,500, ಅಂತರ ಶೇ 0.8 ಆದರೆ ಉತ್ತರ ಸುಮಾರು 37 ಲಕ್ಷ. ನಿಮ್ಮ ಫಂಡ್ ಹೂಡಿಕೆ ಅದಕ್ಕಿಂತ ಹೆಚ್ಚಿದ್ದರೆ, ಶುಲ್ಕ ಕೊಟ್ಟು ಡೈರೆಕ್ಟ್‌ನಲ್ಲಿ ಹೂಡುವುದು ಅಗ್ಗ. ಕಡಿಮೆಯಿದ್ದರೆ ರೂಪಾಯಿ ಲೆಕ್ಕದಲ್ಲಿ ರೆಗ್ಯುಲರ್ ಪ್ಲಾನ್ ಅಗ್ಗ. ಡೈರೆಕ್ಟ್ ಪ್ಲಾನ್ ಪರ ಮಾತಾಡುವ ಅನೇಕರು ಈ ಎರಡನೆಯ ಅರ್ಧವನ್ನು ಹೇಳುವುದೇ ಇಲ್ಲ. 5 ಲಕ್ಷ ಹೂಡಿಕೆ ಇರುವವರು ಕೊಡುವ ಕಮಿಷನ್ ವರ್ಷಕ್ಕೆ 4,000 ರೂಪಾಯಿ. ಅಷ್ಟಕ್ಕೆ ಕೆವೈಸಿ ಮಾಡಿಸಿ, ಫಾರಂ ತುಂಬಿಸಿ, ಮಾರುಕಟ್ಟೆ ಬಿದ್ದಾಗ ಫೋನ್ ಎತ್ತಿ ಸಮಾಧಾನ ಹೇಳುವವರು ಸಿಕ್ಕರೆ ಅದು ದುಬಾರಿಯಲ್ಲ. ಅದೇ ಶೇ 0.8 ಎಂಬುದು 50 ಲಕ್ಷಕ್ಕೆ 40,000, 2 ಕೋಟಿಗೆ 1,60,000 ಆಗುತ್ತದೆ. ಕೆಲಸ ನಲವತ್ತು ಪಟ್ಟು ಹೆಚ್ಚುವುದಿಲ್ಲ, ಕಮಿಷನ್ ಹೆಚ್ಚುತ್ತದೆ. ಶೇಕಡಾವಾರು ಶುಲ್ಕದ ಸಲಹೆಗಾರರಿಗೂ ಇದೇ ಮಾತು ಅನ್ವಯಿಸುತ್ತದೆ. 1 ಕೋಟಿಗೆ ಶೇ 1 ಎಂದರೆ ಜಿಎಸ್‌ಟಿ ಸೇರಿ 1,18,000 ರೂಪಾಯಿ, ಡೈರೆಕ್ಟ್ ಫಂಡ್‌ನ ಖರ್ಚು ಅದರ ಮೇಲೆ ಬೇರೆ. ಮೊತ್ತ ದೊಡ್ಡದಾದಂತೆ ನಿಗದಿತ ಶುಲ್ಕದವರನ್ನೇ ಹುಡುಕಬೇಕೆಂಬುದು ನಮ್ಮ ಅಭಿಪ್ರಾಯ.

ಮೂರನೆಯ ದಾರಿಯನ್ನೂ ಮರೆಯಬೇಡಿ: ಒಮ್ಮೆ ಶುಲ್ಕ ಕೊಟ್ಟು ಯೋಜನೆ ಮಾಡಿಸಿಕೊಳ್ಳುವುದು, ಎರಡು ಮೂರು ವರ್ಷಕ್ಕೊಮ್ಮೆ ಪರಿಶೀಲಿಸಿಕೊಳ್ಳುವುದು. ಸಂಬಳ, ಎಸ್‌ಐಪಿ, ಟರ್ಮ್ ವಿಮೆ ಇಷ್ಟೇ ಇರುವ ಮನೆಗೆ ಪ್ರತಿವರ್ಷ ಸಲಹೆ ಬೇಕಾಗುವುದು ಅಪರೂಪ.

ಸಲಹೆಗಾರರು ಏನು ಮಾಡಿದರೆ ಶುಲ್ಕ ಸಾರ್ಥಕ?

ಗೆಲ್ಲುವ ಫಂಡ್ ಆರಿಸಿಕೊಡುತ್ತಾರೆ ಎಂಬ ನಿರೀಕ್ಷೆಯಿಂದ ಶುಲ್ಕ ಕೊಟ್ಟರೆ ನಿರಾಸೆಯೇ ಗತಿ. ಅವರ ಬೆಲೆ ಬೇರೆ ಕಡೆ ಇದೆ.

2020ರ ಜನವರಿಯಲ್ಲಿ 12,300 ದಾಟಿದ್ದ ನಿಫ್ಟಿ, ಮಾರ್ಚ್ 23ರಂದು 7,610ಕ್ಕೆ ಮುಗಿಯಿತು. ಶೇ 38ರ ಕುಸಿತ. 20 ಲಕ್ಷ ಇದ್ದವರ ಹಣ ಸುಮಾರು 12.3 ಲಕ್ಷಕ್ಕೆ ಇಳಿಯಿತು. ಆ ವಾರ ಹೆದರಿ ಮಾರಿದವರಿಗೆ ನಷ್ಟ ಖಾಯಂ ಆಯಿತು, ಕದಲದೆ ಕೂತವರಿಗೆ ಅದೇ ನವೆಂಬರ್‌ನಲ್ಲಿ ಹಳೆಯ ಮಟ್ಟ ಮರಳಿ ಬಂತು. 7.7 ಲಕ್ಷ ಎಂದರೆ 20 ಲಕ್ಷದ ಮೇಲೆ ಶೇ 1ರಂತೆ 38 ವರ್ಷಗಳ ಶುಲ್ಕ. ಅಂದು ಒಂದು ಫೋನ್ ಕರೆಯಲ್ಲಿ ನಿಮ್ಮನ್ನು ತಡೆದು ನಿಲ್ಲಿಸಿದವರು ತಮ್ಮ ಶುಲ್ಕವನ್ನು ಗಳಿಸಿದ್ದಾರೆ. ನೀವು ತಾನಾಗಿಯೇ ಮಾರದೆ ಕೂರುವವರಾಗಿದ್ದರೆ ಅದೇ ಸೇವೆಗೆ ನಿಮ್ಮ ಮಟ್ಟಿಗೆ ಬೆಲೆಯಿಲ್ಲ. ಆ ಮಾರ್ಚ್‌ನಲ್ಲಿ ನೀವು ಏನು ಮಾಡಿದಿರಿ ಎಂದು ನಿಮ್ಮ ಸ್ಟೇಟ್‌ಮೆಂಟ್ ತೆರೆದು ನೋಡಿ. ಸಲಹೆಗಾರರು ಬೇಕೋ ಬೇಡವೋ ಎಂಬುದಕ್ಕೆ ಅದಕ್ಕಿಂತ ಪ್ರಾಮಾಣಿಕ ಉತ್ತರ ಇನ್ನೆಲ್ಲೂ ಸಿಗದು.

ಮಿಕ್ಕಂತೆ ಸಲಹೆ ಬೆಲೆಬಾಳುವ ಸಂದರ್ಭಗಳಿವು: ನಿವೃತ್ತಿಯ ದೊಡ್ಡ ಮೊತ್ತ ಒಮ್ಮೆಲೇ ಕೈಗೆ ಬಂದಾಗ, ಜಮೀನು ಅಥವಾ ಮನೆ ಮಾರಿದಾಗ, ವಿದೇಶದಿಂದ ಮರಳುವಾಗ, ಸಂಗಾತಿ ತೀರಿಕೊಂಡು ಎಲ್ಲ ಖಾತೆಗಳೂ ಒಬ್ಬರ ಹೆಗಲಿಗೆ ಬಿದ್ದಾಗ. ನಿವೃತ್ತರು ಯಾವ ಖಾತೆಯಿಂದ ಮೊದಲು ಹಣ ತೆಗೆಯಬೇಕು ಎಂಬ ಒಂದು ತೀರ್ಮಾನವೇ ಹಲವು ವರ್ಷದ ಶುಲ್ಕಕ್ಕೆ ಸಮನಾದ ತೆರಿಗೆ ಉಳಿಸಬಲ್ಲದು. ನಾಮಿನಿ, ಉಯಿಲು, ಸಾಕಷ್ಟು ಟರ್ಮ್ ವಿಮೆ ಇವನ್ನೆಲ್ಲ ಬೆನ್ನುಹತ್ತಿ ಮಾಡಿಸುವುದೂ ಕೆಲಸವೇ.

ಮೊದಲ ಭೇಟಿಯಲ್ಲಿ ಏನು ಕೇಳಬೇಕು?

ವರ್ಷಕ್ಕೆ ನನ್ನಿಂದ ಒಟ್ಟು ಎಷ್ಟು ರೂಪಾಯಿ ಹೋಗುತ್ತದೆ, ಫಂಡ್ ಖರ್ಚೂ ಸೇರಿಸಿ ಬರೆದುಕೊಡಿ ಎಂದು ಕೇಳಿ. ಶೇಕಡಾದಲ್ಲಿ ಬೇಡ, ರೂಪಾಯಿಯಲ್ಲಿ. ನಾನು ಹೂಡಿದ್ದರಿಂದ ನಿಮಗಾಗಲಿ ನಿಮ್ಮ ಮನೆಯವರಿಗಾಗಲಿ ಬೇರೆ ಯಾರಿಂದಲಾದರೂ ಹಣ ಬರುತ್ತದೆಯೇ ಎಂದು ಕೇಳಿ. 2020ರ ಮಾರ್ಚ್‌ನಲ್ಲಿ ಗ್ರಾಹಕರಿಗೆ ಏನು ಬರೆದು ಕಳಿಸಿದ್ದಿರಿ, ತೋರಿಸಿ ಎನ್ನಿ. ಬೇಸರ ಮಾಡಿಕೊಂಡರೆ ಮುಂದಕ್ಕೆ ಹೋಗುವ ಅಗತ್ಯವಿಲ್ಲ.

ನಿಮ್ಮ ಆದಾಯ, ಸಾಲ, ಅವಲಂಬಿತರು, ನಷ್ಟ ತಾಳುವ ಶಕ್ತಿ ಇವನ್ನು ಲಿಖಿತವಾಗಿ ದಾಖಲಿಸಿಕೊಳ್ಳದೆ ಮೊದಲ ದಿನವೇ ಫಂಡ್ ಹೆಸರು ಹೇಳುವವರು ನಿಯಮವನ್ನೇ ಪಾಲಿಸುತ್ತಿಲ್ಲ. ಅಪಾಯದ ಪರಿಶೀಲನೆ ಮತ್ತು ಲಿಖಿತ ಒಪ್ಪಂದ ಎರಡೂ ಕಡ್ಡಾಯ. ಖಚಿತ ಲಾಭದ ಮಾತು ಬಂದರೆ, ಅಥವಾ ಹೂಡಿಕೆಯ ಹಣವನ್ನು ಅವರ ಖಾತೆಗೆ ಹಾಕಿ ಎಂದರೆ, ಅಲ್ಲಿಗೆ ಮಾತು ನಿಲ್ಲಿಸಿ. ಸಲಹೆಗಾರರ ಖಾತೆಗೆ ಹೋಗಬೇಕಾದದ್ದು ಶುಲ್ಕ ಮಾತ್ರ. ಹೂಡಿಕೆಯ ಹಣ ನಿಮ್ಮ ಬ್ಯಾಂಕಿನಿಂದ ನೇರ ಫಂಡ್‌ಗೆ ಹೋಗಬೇಕು.

ರೆಗ್ಯುಲರ್‌ನಲ್ಲಿರುವ ಹಣವನ್ನು ಡೈರೆಕ್ಟ್‌ಗೆ ಬದಲಾಯಿಸಬೇಕೆಂದಿದ್ದೇನೆ. ಹೇಗೆ?

ಒಂದೇ ಫಂಡ್‌ನೊಳಗೆ ಬದಲಿಸಿದರೂ ತೆರಿಗೆ ಇಲಾಖೆಯ ದೃಷ್ಟಿಯಲ್ಲಿ ಅದು ಮಾರಿ ಮತ್ತೆ ಕೊಂಡಂತೆ. ಆತುರಪಟ್ಟು ಒಂದೇ ದಿನ ಎಲ್ಲವನ್ನೂ ಬದಲಿಸುವುದೇ ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು.

ಮೊದಲು ರೆಗ್ಯುಲರ್ ಎಸ್‌ಐಪಿ ನಿಲ್ಲಿಸಿ, ಅದೇ ಮೊತ್ತದ ಎಸ್‌ಐಪಿಯನ್ನು ಡೈರೆಕ್ಟ್‌ನಲ್ಲಿ ಶುರುಮಾಡಿ. ಇದಕ್ಕೆ ತೆರಿಗೆಯಿಲ್ಲ. ಫಂಡ್ ಕಂಪನಿಯ ಜಾಲತಾಣದಲ್ಲೇ ಮಾಡಬಹುದು. ಆಮೇಲೆ ಹಳೆಯ ಯೂನಿಟ್‌ಗಳನ್ನು ವಿಂಗಡಿಸಿ: ಒಂದು ವರ್ಷ ದಾಟಿದವು, ದಾಟದವು, ಮೂರು ವರ್ಷದ ಲಾಕ್-ಇನ್ (ಹಣ ತೆಗೆಯಲಾಗದ ಅವಧಿ) ಇರುವ ತೆರಿಗೆ ಉಳಿತಾಯದ ಫಂಡ್ ಇಎಲ್‌ಎಸ್‌ಎಸ್. ವರ್ಷ ದಾಟದವನ್ನು ಮುಟ್ಟಬೇಡಿ. ಅಲ್ಲಿ ಎಕ್ಸಿಟ್ ಲೋಡ್ ಜೊತೆಗೆ ಶೇ 20 ತೆರಿಗೆ ಬೀಳುತ್ತದೆ.

ಷೇರು ಫಂಡ್‌ಗಳ ದೀರ್ಘಾವಧಿ ಲಾಭದಲ್ಲಿ ಆರ್ಥಿಕ ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆಯಿಲ್ಲ, ಮೇಲಿನದಕ್ಕೆ ಶೇ 12.5. 8 ಲಕ್ಷ ಹಾಕಿ 14 ಲಕ್ಷ ಆಗಿದೆ ಎನ್ನಿ. ಒಮ್ಮೆಲೇ ಬದಲಿಸಿದರೆ 6 ಲಕ್ಷ ಲಾಭದಲ್ಲಿ 4.75 ಲಕ್ಷಕ್ಕೆ ತೆರಿಗೆ, ಸೆಸ್ ಸೇರಿ 61,750 ರೂಪಾಯಿ. ಉಳಿತಾಯವೋ, ಮೇಲೆ ಲೆಕ್ಕ ಹಾಕಿದಂತೆ, ವರ್ಷಕ್ಕೆ 12,600. ಅದರ ಬದಲು ಪ್ರತಿವರ್ಷ ಮಾರ್ಚ್ 31ರೊಳಗೆ 1.25 ಲಕ್ಷ ಲಾಭ ಬರುವಷ್ಟು ಯೂನಿಟ್‌ಗಳನ್ನು ಮಾತ್ರ ಬದಲಿಸುತ್ತ ಹೋದರೆ ತೆರಿಗೆಯಿಲ್ಲದೆ ಹೆಚ್ಚಿನ ಭಾಗ ಆಚೆ ಬರುತ್ತದೆ. ಯೂನಿಟ್‌ಗಳು ಮೊದಲು ಕೊಂಡದ್ದು ಮೊದಲು ಹೋಗುವ ಕ್ರಮದಲ್ಲಿ ಹೋಗುವುದರಿಂದ ಹಳೆಯ, ಹೆಚ್ಚು ಲಾಭದ ಯೂನಿಟ್‌ಗಳು ಮೊದಲು ಹೊರಬರುತ್ತವೆ. ಆದ್ದರಿಂದ ಮೊದಲ ವರ್ಷ ನೀವು ಅಂದುಕೊಂಡದ್ದಕ್ಕಿಂತ ಕಡಿಮೆ ಮೊತ್ತ ಬದಲಾಗುತ್ತದೆ. ಅದೇ ವರ್ಷ ಬೇರೆ ಷೇರು ಮಾರಿದ್ದರೆ ಆ ಲಾಭವೂ ಇದೇ 1.25 ಲಕ್ಷದೊಳಗೆ ಸೇರುತ್ತದೆ.

61,750 ಪೂರ್ತಿ ನಷ್ಟ ಎಂದೂ ತಿಳಿಯಬೇಡಿ. ಮುಂದೆಂದಾದರೂ ಮಾರುವಾಗ ಕಟ್ಟಬೇಕಿದ್ದ ತೆರಿಗೆಯನ್ನು ಈಗಲೇ ಕಟ್ಟಿದಂತೆ ಅದು. ಕಳೆದುಕೊಳ್ಳುವುದು ಆ ಮೊತ್ತದ ಮೇಲಿನ ಬೆಳವಣಿಗೆಯನ್ನು. ಆದ್ದರಿಂದ 15-20 ವರ್ಷ ಬಾಕಿಯಿದ್ದು, ಅಂತರ ಶೇ 0.9ರಷ್ಟಿದ್ದರೆ ಬೇಗ ಬದಲಿಸುವುದೂ ತಪ್ಪಲ್ಲ. ಮೂರ್ನಾಲ್ಕು ವರ್ಷದಲ್ಲಿ ಹಣ ಬೇಕಾಗಿದ್ದರೆ ಹೊಸ ಹೂಡಿಕೆಯನ್ನು ಮಾತ್ರ ಡೈರೆಕ್ಟ್‌ಗೆ ಹಾಕಿ, ಹಳೆಯದನ್ನು ಹಾಗೇ ಬಿಡಿ. ಬದಲಿಸಿದ ಯೂನಿಟ್‌ಗಳಿಗೆ ಎಕ್ಸಿಟ್ ಲೋಡ್ ಮತ್ತು ಒಂದು ವರ್ಷದ ಅವಧಿ ಹೊಸದಾಗಿ ಶುರುವಾಗುತ್ತವೆ. ಆರು ತಿಂಗಳಲ್ಲಿ ಬೇಕಾಗುವ ಹಣವನ್ನು ಈ ಸುಳಿಗೆ ಸಿಕ್ಕಿಸಬೇಡಿ.

ಡೈರೆಕ್ಟ್ ಆ್ಯಪ್‌ಗಳು ಉಚಿತ ಎನ್ನುತ್ತವೆ. ಹಾಗಾದರೆ ಸಲಹೆಗಾರರೇ ಬೇಡವಲ್ಲ?

ಆ್ಯಪ್ ಮಾಡುವುದು ಕೊಳ್ಳುವ ಮಾರುವ ಕೆಲಸ, ಸಲಹೆಯಲ್ಲ. ಮುಖಪುಟದಲ್ಲಿ ಕಳೆದ ವರ್ಷ ಅತಿ ಹೆಚ್ಚು ಏರಿದ ಫಂಡ್‌ಗಳ ಪಟ್ಟಿ ಇರುತ್ತದೆ, ಅದನ್ನೇ ಶಿಫಾರಸು ಎಂದುಕೊಂಡು ಹನ್ನೆರಡು ಫಂಡ್ ಕೂಡಿಸಿಕೊಂಡವರು ಬಹಳ. ಶೇ 0.8 ಉಳಿಸಿ, ವರ್ಷಕ್ಕೊಮ್ಮೆ ಫಂಡ್ ಬದಲಿಸುತ್ತ ತೆರಿಗೆಗೂ ಎಕ್ಸಿಟ್ ಲೋಡ್‌ಗೂ ಅದಕ್ಕಿಂತ ಹೆಚ್ಚು ಕೊಟ್ಟರೆ ಉಳಿಸಿದ್ದೇನು? ಎರಡು ಅಥವಾ ಮೂರು ಫಂಡ್ ಆರಿಸಿ ವರ್ಷಗಟ್ಟಲೆ ಬದಲಿಸದೆ ಇರಬಲ್ಲವರಿಗೆ ಈ ದಾರಿ ನಿಜಕ್ಕೂ ಅಗ್ಗ.

ಬ್ಯಾಂಕಿನವರು ಯುಲಿಪ್‌ನಲ್ಲಿ ಖರ್ಚು ಶೇ 1.35 ಮಾತ್ರ ಎನ್ನುತ್ತಾರೆ. ಒಳ್ಳೆಯದೇ?

ಯುಲಿಪ್ ಎಂದರೆ ವಿಮೆ ಮತ್ತು ಹೂಡಿಕೆ ಬೆರೆತ ಪಾಲಿಸಿ. 1.35 ಎಂಬುದು ಅದರ ಫಂಡ್ ನಿರ್ವಹಣಾ ಶುಲ್ಕದ ಗರಿಷ್ಠ ಮಿತಿ. ಅದರ ಹೊರಗೆ ಪ್ರೀಮಿಯಂ ಹಂಚಿಕೆ ಶುಲ್ಕ, ಪಾಲಿಸಿ ಆಡಳಿತ ಶುಲ್ಕ, ವಿಮಾ ರಕ್ಷಣೆಯ ಶುಲ್ಕ ಇರಬಹುದು. ಹಂಚಿಕೆ ಶುಲ್ಕ ಪ್ರೀಮಿಯಂನಿಂದಲೇ, ಉಳಿದವು ಯೂನಿಟ್‌ಗಳನ್ನೇ ರದ್ದು ಮಾಡಿ ಕಳೆಯಲ್ಪಡುವುದರಿಂದ ಎನ್‌ಎವಿ ನೋಡಿದರೆ ಕಾಣುವುದಿಲ್ಲ. ಐದು ವರ್ಷ ಹಣ ತೆಗೆಯುವಂತಿಲ್ಲ. ಸಹಿ ಹಾಕುವ ಮುನ್ನ ಲಾಭದ ಚಿತ್ರಣದ ಪತ್ರ ಕೇಳಿ, ಅದರಲ್ಲಿ ವರ್ಷವಾರು ಪ್ರತಿ ಶುಲ್ಕವೂ ಇರುತ್ತದೆ. ಟರ್ಮ್ ವಿಮೆ ಬೇರೆ, ಹೂಡಿಕೆ ಬೇರೆ ಇಟ್ಟರೆ ಪ್ರತಿಯೊಂದರ ಬೆಲೆ ಎಷ್ಟೆಂದು ಸ್ಪಷ್ಟವಾಗಿ ತಿಳಿಯುತ್ತದೆ. ಬೆರೆಸಿದಾಗ ತಿಳಿಯದು.

ಎನ್‌ಪಿಎಸ್ ಖರ್ಚು ಬಹಳ ಕಡಿಮೆಯಂತೆ. ಎಲ್ಲವನ್ನೂ ಅಲ್ಲೇ ಹಾಕಬಹುದೇ?

ಎನ್‌ಪಿಎಸ್ ಎಂದರೆ ರಾಷ್ಟ್ರೀಯ ಪಿಂಚಣಿ ಯೋಜನೆ. ಅದರ ಸಾಮಾನ್ಯ ಸ್ಕೀಮ್‌ಗಳ ನಿರ್ವಹಣಾ ಶುಲ್ಕ ಶೇ 0.1ರ ಆಸುಪಾಸಿನಲ್ಲಿದೆ, ಇದಕ್ಕಿಂತ ಅಗ್ಗ ಸಿಗುವುದು ಕಷ್ಟ. ಆದರೆ ಹಣ ಬಹಳ ವರ್ಷ ಬಹುಮಟ್ಟಿಗೆ ಸಿಕ್ಕಿಬೀಳುತ್ತದೆ, ಕೊನೆಯಲ್ಲಿ ಮೊತ್ತ ಚಿಕ್ಕದಲ್ಲದಿದ್ದರೆ ಒಂದು ಭಾಗದಿಂದ ಪಿಂಚಣಿ ಕೊಳ್ಳಲೇಬೇಕು. ನಿವೃತ್ತಿಯ ಪಾಲಿಗೆ ಒಳ್ಳೆಯದು. ಮಗಳ ಓದಿಗೆ ಬೇಕಾದ ಹಣಕ್ಕಲ್ಲ.

ಶುಲ್ಕ ಕೊಟ್ಟಿದ್ದೇನೆ, ಒಪ್ಪಿದ ಕೆಲಸ ಮಾಡಿಲ್ಲ. ಏನು ಮಾಡಬೇಕು?

ಮೊದಲು ಸಲಹೆಗಾರರಿಗೇ ಇ-ಮೇಲ್‌ನಲ್ಲಿ ದೂರು ಕೊಡಿ, ಫೋನಿನಲ್ಲಿ ಹೇಳಿದ್ದು ದಾಖಲೆಯಾಗುವುದಿಲ್ಲ. ಒಪ್ಪಂದದ ಪ್ರತಿ, ಶುಲ್ಕ ಪಾವತಿಯ ರಸೀದಿ, ಅವರು ಕಳಿಸಿದ ಸಲಹೆಗಳನ್ನು ಒಟ್ಟುಮಾಡಿಕೊಳ್ಳಿ. ಪರಿಹಾರ ಸಿಗದಿದ್ದರೆ ಸೆಬಿಯ ಸ್ಕೋರ್ಸ್ ಜಾಲತಾಣದಲ್ಲಿ ಪ್ಯಾನ್ ಕೊಟ್ಟು ನೋಂದಾಯಿಸಿಕೊಂಡು ದೂರು ಸಲ್ಲಿಸಿ. ಅಲ್ಲಿ 21 ದಿನದೊಳಗೆ ಉತ್ತರಿಸಬೇಕೆಂಬ ನಿಯಮವಿದೆ. ಅದಕ್ಕೂ ಒಪ್ಪಿಗೆಯಾಗದಿದ್ದರೆ ಸ್ಮಾರ್ಟ್ ಒಡಿಆರ್ ಎಂಬ ಆನ್‌ಲೈನ್ ಪಂಚಾಯ್ತಿ ವ್ಯವಸ್ಥೆಗೆ ಹೋಗಬಹುದು. ಮಾರುಕಟ್ಟೆ ಬಿದ್ದು ನಷ್ಟವಾಯಿತು ಎಂಬ ದೂರು ಅಲ್ಲಿ ನಿಲ್ಲುವುದಿಲ್ಲ. ಅಪಾಯದ ಪರಿಶೀಲನೆ ಮಾಡಲಿಲ್ಲ, ಶುಲ್ಕ ಮಿತಿ ಮೀರಿತು, ಕಮಿಷನ್ ಮುಚ್ಚಿಟ್ಟರು ಎಂಬ ದೂರು ನಿಲ್ಲುತ್ತದೆ. ನೋಂದಣಿಯೇ ಇಲ್ಲದವರಿಗೆ ಹಣ ಕೊಟ್ಟಿದ್ದರೆ ಈ ದಾರಿಗಳು ಬಹುಪಾಲು ಮುಚ್ಚಿರುತ್ತವೆ, ಪೊಲೀಸ್ ಮತ್ತು ಸೈಬರ್ ಅಪರಾಧ ದೂರಿನ ದಾರಿಯೇ ಉಳಿಯುವುದು.